ಮೇಸ್ತ್ರಿಯ ಸುತ್ತಿಗೆ, ಅಕ್ಕನ ಕಿವಿ

ಬೀದಿ ಇನ್ನೂ ಎದ್ದಿಲ್ಲ. ಟೈರ್ ಅಂಗಡಿಯ ಹಿಂದಿನ ಓಣಿಯ ಕೊನೆಯಲ್ಲಿರುವ ಶೆಡ್ಡಿನಲ್ಲಿ ಮಾತ್ರ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಹಳೆಯ ಕಾರೊಂದರ ಬಾನೆಟ್ಟನ್ನು ಮರದ ಸ್ಟ್ಯಾಂಡಿನ ಮೇಲೆ ಮಲಗಿಸಿದ್ದಾರೆ. ಬಣ್ಣವನ್ನೆಲ್ಲ ಕೆರೆದು ತೆಗೆದ ಬರೀ ತಗಡು. ಸುತ್ತಿಗೆ ಹಿಡಿದು ಬಗ್ಗಿರುವವರು ಡೆಂಟಿಂಗ್ ಮೇಸ್ತ್ರಿ. ಅವರಿಗೆ ಅಂಟಿಕೊಂಡಂತೆ ನಿಂತಿರುವವರು ಅವರ ಹೆಂಡತಿ, ಓಣಿಗೆಲ್ಲ ಅಕ್ಕ. ಎಡಗೈ ತಗಡಿನ ಮೇಲೆ, ಬಲಗೈ ಗಂಡನ ಮೊಣಕೈ ಮೇಲೆ, ಕಣ್ಣು ಮುಚ್ಚಿದೆ.

ಟಣ್, ಟಣ್, ಟಣ್. ಅಕ್ಕ ಮೊಣಕೈಯನ್ನು ಮೆಲ್ಲಗೆ ಒತ್ತುತ್ತಾರೆ, ಸುತ್ತಿಗೆ ನಿಲ್ಲುತ್ತದೆ. ಬೆರಳಿನಿಂದ ಎಡಕ್ಕೆ ಸವರುತ್ತಾರೆ, ಸುತ್ತಿಗೆ ಎಡಕ್ಕೆ ಸರಿಯುತ್ತದೆ. ಇಬ್ಬರ ನಡುವೆ ಒಂದು ಮಾತಿಲ್ಲ. ನಾನು ಬಾಗಿಲಲ್ಲಿ ನಿಂತು "ಮೇಸ್ತ್ರಿ, ಒಳಗೆ ಬರ್ಲಾ?" ಎಂದು ಗಟ್ಟಿಯಾಗಿಯೇ ಕೇಳುತ್ತೇನೆ. ಅವರು ತಿರುಗಿಯೂ ನೋಡುವುದಿಲ್ಲ. ದೊಡ್ಡವರ ಕಾರು ಮುಟ್ಟಿ ಮುಟ್ಟಿ ಈ ಮನುಷ್ಯನಿಗೂ ಗತ್ತು ಬಂದಿದೆ ಎಂದು ಒಳಗೊಳಗೇ ಮುಖ ಊದಿಸಿಕೊಳ್ಳುತ್ತೇನೆ. ಅಕ್ಕ ಕಣ್ಣು ತೆರೆದು, ತುಟಿಯ ಮೇಲೆ ಬೆರಳಿಟ್ಟು, ಅಲ್ಲೇ ಬಿದ್ದಿದ್ದ ಹಳೆಯ ಸೀಟೊಂದನ್ನು ತೋರಿಸುತ್ತಾರೆ. ತೆಪ್ಪಗೆ ಕೂರುತ್ತೇನೆ.

ಓಣಿಯಲ್ಲಿ ಮೊದಲ ಆಟೋ ಗುಡುಗಿದ ಮೇಲೆಯೇ ಕೆಲಸ ನಿಲ್ಲುವುದು. ಬೇರೆ ಸದ್ದು ಶುರುವಾದರೆ ಇವರ ಕೆಲಸ ಮುಗಿದಂತೆ. ಅಕ್ಕ ಚಹಾ ಲೋಟ ಕೈಗಿತ್ತು, ದನಿ ತಗ್ಗಿಸಿ ಹೇಳುತ್ತಾರೆ: "ತಪ್ಪು ತಿಳ್ಕೋಬೇಡಿ. ಅವರಿಗೆ ಕಿವಿ ಕೇಳಲ್ಲ. ಇದನ್ನ ಮಾತ್ರ ಬರೀಬೇಡಿ. ಬರೆದ್ರೆ ನಮ್ಮ ಅನ್ನಕ್ಕೆ ಕಲ್ಲು ಬಿದ್ದ ಹಾಗೆ."

ಹಾಗಾದರೆ ಈ ಮಾತು ಇಲ್ಲಿ ಹೇಗೆ ಬಂತು ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಮೇಸ್ತ್ರಿಯ ಬಗ್ಗೆ ಬರೆಯಲು. ನನಗೆ ಕಾರೆಂದರೆ ಮಳೆಯಲ್ಲಿ ನೆನೆಯದೆ ಮನೆ ಸೇರಿಸುವ ಡಬ್ಬಿ. ಆದರೆ ಹಳೆಯ ಕಾರಿನ ಹುಚ್ಚು ಹತ್ತಿದವರ ಲೋಕವೇ ಬೇರೆ. ಅವರು ಒಂದು ದೀಪದ ಗಾಜಿಗಾಗಿ ಊರೂರು ಅಲೆಯುತ್ತಾರೆ, ಭಾನುವಾರ ಬಂತೆಂದರೆ ಮಕ್ಕಳಿಗೆ ಸ್ನಾನವಾಗದಿದ್ದರೂ ಕಾರಿಗೆ ಆಗಿರುತ್ತದೆ. ವರ್ಷಕ್ಕೊಮ್ಮೆ ಎಲ್ಲರೂ ಮೈದಾನದಲ್ಲಿ ಸೇರಿ ಪ್ರದರ್ಶನ ನಡೆಸುತ್ತಾರೆ. ತೀರ್ಪುಗಾರರು ಜೇಬಿನಲ್ಲಿ ಆಯಸ್ಕಾಂತ ಇಟ್ಟುಕೊಂಡು ಬರುತ್ತಾರೆ. ಕಾರಿನ ಮೈಗೆ ಅದನ್ನು ತಾಗಿಸಿದಾಗ ಹಿಡಿದರೆ ಅದು ತಗಡು, ಜಾರಿದರೆ ತಗ್ಗು ಮುಚ್ಚಲು ಒಳಗೆ ಲಪ್ಪ ಎಂಬ ಮೆತ್ತು ಬಳಿದಿದ್ದಾರೆಂದು ಅರ್ಥ. ಮೇಸ್ತ್ರಿ ತಿದ್ದಿದ ಕಾರಿನ ಮೇಲೆ ಆಯಸ್ಕಾಂತ ಜಾರಿದ್ದನ್ನು ಯಾರೂ ಕಂಡಿಲ್ಲ. ಅದಕ್ಕೇ ಅವರಿಗೆ ಇಷ್ಟು ಹೆಸರು.

ಹೊಸ ಹುಡುಗರೂ ಬರುತ್ತಾರೆ. ಅವರಿಗೆ ಹಳೆಯ ಕಾರು ಹಳೆಯದರಂತೆ ಕಂಡರೆ ಸಾಲದು. ಅದನ್ನು ನೆಲಕ್ಕೆ ತಗ್ಗಿಸಬೇಕು, ದಪ್ಪ ಟೈರು ಹಾಕಬೇಕು, ಆ ಟೈರು ಹಿಡಿಯುವಂತೆ ಮಡ್‌ಗಾರ್ಡನ್ನು ಅಗಲ ಮಾಡಬೇಕು. "ಮದುವೆಗೆ ಮುಂಚೆ ಸಣ್ಣಗಿದ್ದು, ಆಮೇಲೆ ಮೈ ಬಂದು ಬಟ್ಟೆ ಬಿಚ್ಚಿ ಹೊಲಿಸ್ಕೊಳ್ಳೋ ಹಾಗೆ," ಎಂದು ಅಕ್ಕ ನಗುತ್ತಾರೆ. ನಗುತ್ತಲೇ ಮೇಸ್ತ್ರಿಯ ಹೊಟ್ಟೆಯ ಕಡೆ ನೋಡುತ್ತಾರೆ. ಮೇಸ್ತ್ರಿಗೆ ಕೇಳಿಸದಿದ್ದರೂ ವಿಷಯ ತಿಳಿಯುತ್ತದೆ, ಅಂಗಿ ಸರಿಮಾಡಿಕೊಳ್ಳುತ್ತಾರೆ.

ಕೆಲಸದ ಗುಟ್ಟು ಇಷ್ಟೇ. ತಗ್ಗು ಬಿದ್ದ ತಗಡಿನ ಅಡಿಗೆ ಒಂದು ಕಬ್ಬಿಣದ ಗಟ್ಟಿ ಹಿಡಿದು ಮೇಲಿಂದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸಮ ಮಾಡಬೇಕು. ಏಟು ಹೆಚ್ಚಾದರೆ ತಗಡು ತೆಳ್ಳಗಾಗಿ ಹರಡುತ್ತದೆ. ಆಮೇಲೆ ಅದು ಡಬ್ಬಿಯ ಮುಚ್ಚಳದ ಹಾಗೆ, ಇಲ್ಲಿ ಒತ್ತಿದರೆ ಅಲ್ಲಿ ಉಬ್ಬುತ್ತದೆ. ಸಡಿಲವಾಗುವ ಮುಂಚೆ ತಗಡಿನ ಸದ್ದು ಬದಲಾಗುತ್ತದಂತೆ, ಆ ಕ್ಷಣಕ್ಕೆ ಕೈ ನಿಲ್ಲಬೇಕು. ಅಕ್ಕ ನನಗೂ ಕೇಳಿಸಲು ನೋಡಿದರು. ನನಗೆ ಎಲ್ಲವೂ ಒಂದೇ ಟಣ್.

ಅಕ್ಕ ಇದನ್ನು ಕಲಿತದ್ದು ಶೆಡ್ಡಿಗೆ ಹೊಂದಿಕೊಂಡಿರುವ ಅಡುಗೆಮನೆಯಲ್ಲಿ. "ಮದುವೆಯಾಗಿ ಬಂದ ಹೊಸದ್ರಲ್ಲಿ ಈ ಸದ್ದಿಗೆ ತಲೆ ಚಿಟ್ಟು ಹಿಡೀತಿತ್ತು. ಬರ್ತಾ ಬರ್ತಾ ಸದ್ದು ನಿಂತ್ರೇನೇ ಗಾಬರಿ. ತರಕಾರಿ ಹೆಚ್ತಾ ಹೆಚ್ತಾ, 'ರೀ, ಸಾಕು ನಿಲ್ಸಿ' ಅಂತ ಒಳಗಿಂದ್ಲೇ ಕೂಗ್ತಿದ್ದೆ. 'ನಿನಗೇನು ಗೊತ್ತು, ಒಲೆ ನೋಡ್ಕೋ' ಅಂತಿದ್ರು. ಮಾರನೇ ದಿನ ಅದೇ ಜಾಗ ತಿದ್ದುತ್ತಾ ಕೂತಿರ್ತಿದ್ರು."

ಇಡೀ ಬದುಕು ಕಬ್ಬಿಣದ ಸದ್ದು ತಿಂದ ಕಿವಿ ಮೆಲ್ಲಗೆ ಸೋತಿತು. ಮೊದಲು ಫೋನಿನ ಗಂಟೆ ಹೋಯಿತು, ಆಮೇಲೆ ಮಗಳ ಮಾತು. ತಗಡಿನ ಸದ್ದು ಹೋದಾಗ ಮೇಸ್ತ್ರಿ ಹೆಂಡತಿಯ ಬಳಿಯೂ ಬಾಯಿ ಬಿಡಲಿಲ್ಲ. ಒಂದು ದಿನ ಸುತ್ತಿಗೆ ನಿಲ್ಲಬೇಕಾದ ಕಡೆ ನಿಲ್ಲದೇ ಹೋದಾಗ ಅಕ್ಕ ಒಲೆ ಆರಿಸಿ ಶೆಡ್ಡಿಗೆ ಬಂದರು. "ಏನೂ ಕೇಳ್ಲಿಲ್ಲ ನಾನು. ಹೋಗಿ ಮೊಣಕೈ ಹಿಡ್ಕೊಂಡೆ. ಅವರ ಕಣ್ಣು ತುಂಬ್ಕೊಂಡಿತ್ತು, ಅಷ್ಟೆ." ಅವತ್ತಿನಿಂದ ಹೀಗೇ ನಡೆದಿದೆ. ಕಿವಿಗೆ ಹಾಕುವ ಮೆಷಿನ್ನನ್ನೂ ತಂದಿದ್ದರು. "ಅದನ್ನ ಹಾಕ್ಕೊಂಡು ಒಂದೇಟು ಹೊಡೆದ್ರೆ ತಲೆಯೊಳಗೇ ಸಿಡಿಲು!" ಎಂದು ಮೇಸ್ತ್ರಿ ಜೋರಾಗಿಯೇ ಹೇಳುತ್ತಾರೆ. ಈಗ ಅದು ಕಪಾಟಿನಲ್ಲಿ ಬೆಚ್ಚಗೆ ಕೂತಿದೆ.

ಗಿರಾಕಿಗಳು ಬಂದಾಗ ಅಕ್ಕ ಅವರ ಬೆನ್ನ ಹಿಂದೆ ನಿಂತು, ಅವರ ಮಾತನ್ನು ತುಟಿಯಲ್ಲೇ ಗಂಡನಿಗೆ ದಾಟಿಸುತ್ತಾರೆ. ಮೇಸ್ತ್ರಿ ಎರಡೇ ಮಾತಿನಲ್ಲಿ ಉತ್ತರಿಸಿ ತಲೆ ಬಗ್ಗಿಸುತ್ತಾರೆ. 'ಮೇಸ್ತ್ರಿ ಮಿತಭಾಷಿ, ದೊಡ್ಡ ಕಲಾವಿದರೆಲ್ಲ ಹಾಗೇ' ಎಂದು ಕಾರು ಪ್ರಿಯರು ನನಗೆ ಹೇಳಿದ್ದರು. ಅಕ್ಕನ ಬಗ್ಗೆ ಕೇಳಿದರೆ, 'ಚಹಾ ಚೆನ್ನಾಗಿ ಮಾಡ್ತಾರೆ' ಎಂದಿದ್ದರು. ಮತ್ತೆಲ್ಲೂ ಸಿಗದ ಬಿಡಿಭಾಗವನ್ನು ಕಿವಿ ಕೇಳದವರ ಕೈಗೆ ಯಾರು ಕೊಟ್ಟಾರು? ಅದೇ ಭಯಕ್ಕೆ ಗಂಡ ಹೆಂಡತಿ ಇಷ್ಟು ಕಾಲ ಈ ಆಟ ಆಡಿಕೊಂಡು ಬಂದಿದ್ದಾರೆ.

ಸ್ಟ್ಯಾಂಡಿನ ಮೇಲೆ ಮಲಗಿರುವ ಬಾನೆಟ್ಟೇ ಆ ಆಟವನ್ನು ಕೆಡಿಸಿದ್ದು. ಅದು ಒಬ್ಬ ವಕೀಲರ ಕಾರಿನದು. ಅಕ್ಕ ಅವರನ್ನು ಲಾಯರಮ್ಮ ಎನ್ನುತ್ತಾರೆ. ಗುಜರಿಯಲ್ಲಿ ಕೋಳಿಗೂಡಾಗಿದ್ದ ಕಾರನ್ನು ಹುಡುಕಿ ತಂದು, ಸಂಪಾದನೆಯ ಜೊತೆಗೆ ರಜೆಯನ್ನೂ ಸುರಿದು ಎಬ್ಬಿಸಿ ನಿಲ್ಲಿಸಿದ್ದಾರೆ. ಈ ಸಲದ ಪ್ರದರ್ಶನಕ್ಕೆ ಅದು ಮೊದಲ ಬಾರಿ ಹೋಗಬೇಕಿತ್ತು. ಅಷ್ಟರಲ್ಲಿ ಅಕ್ಕನ ಮಗಳಿಗೆ ಹೆರಿಗೆ ನೋವು ಬಂತು. ಅಕ್ಕ ಹೊರಡುವಾಗ ಗಂಡನ ಮುಖ ಹಿಡಿದು, "ಸುತ್ತಿಗೆ ಮುಟ್ಟಬೇಡಿ" ಎಂದು ಹೇಳಿಯೇ ಹೋದರು. ಸುಮ್ಮನೆ ಕೂರುವುದೆಂದರೆ ಮೇಸ್ತ್ರಿಗೆ ಮೈಮೇಲೆ ಇರುವೆ ಹರಿದಂತೆ. ಅಂಗೈಯಲ್ಲಿ ಸವರಿಯೇ ತಿಳಿದುಕೊಂಡೇನು ಎಂದು ಕೆಲಸಕ್ಕೆ ಕೂತರು.

"ಮೊಮ್ಮಗಳನ್ನ ನೋಡಿದ ಖುಷೀಲಿ ಬರ್ತಿದ್ದೆ," ಅಕ್ಕ ಹೇಳುತ್ತಾರೆ. "ಓಣಿ ತಿರುವಲ್ಲೇ ಕಿವಿಗೆ ಬಿತ್ತು. ಬದ್, ಬದ್ ಅಂತ. ಬ್ಯಾಗು ಹಿಡ್ಕೊಂಡೇ ಓಡಿದೆ. ಮೊಮ್ಮಗಳ ಸುದ್ದಿ ಹೇಳೋಕೂ ಬಾಯಿ ಬರ್ಲಿಲ್ಲ."

ಬಾನೆಟ್ಟಿನ ನಡುಭಾಗ ಸಡಿಲವಾಗಿ ಹೋಗಿತ್ತು. ಅಂಥದ್ದು ಇನ್ನೊಂದು ಸಿಗುವುದಿಲ್ಲ. ಅವತ್ತು ಸಂಜೆ ಮೇಸ್ತ್ರಿ ಜೀವಮಾನದಲ್ಲಿ ಮೊದಲ ಸಲ ಲಪ್ಪದ ಡಬ್ಬಿ ತಂದು ಮುಂದಿಟ್ಟುಕೊಂಡರು. ಬಳಿದು ಬಣ್ಣ ಹೊಡೆದರೆ ಕಣ್ಣಿಗೆ ಗೊತ್ತಾಗದು, ಆಯಸ್ಕಾಂತ ಅಲ್ಲಿಗೇ ಬರಬೇಕೆಂದೇನೂ ಇಲ್ಲ. ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಲಾಯರಮ್ಮನಿಗೆ ಫೋನು ಮಾಡಿದರು. ಬಂದವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟರು, ಕಿವಿಯ ವಿಷಯವನ್ನೂ ಬಿಡದೆ. ಬಾನೆಟ್ಟು ಸರಿಹೋಗುತ್ತದೆ, ಆದರೆ ಪ್ರದರ್ಶನದ ಹೊತ್ತಿಗಲ್ಲ ಎಂದೂ ಹೇಳಿದರು. ಲಾಯರಮ್ಮನ ಮುಖ ಕೆಂಪಾಯಿತು. "ಇಷ್ಟು ದಿನ ನನಗೊಂದು ಮಾತು ಹೇಳ್ಲಿಲ್ವಲ್ಲ," ಎಂದು ಎದ್ದು ಹೋದರು. ಬಾಗಿಲಲ್ಲಿ ನಿಂತು, "ಅದು ಇಲ್ಲೇ ಇರ್ಲಿ," ಎಂದರಂತೆ.

"ಇಲ್ಲೇ ಇರ್ಲಿ ಅಂದ್ರೆ ಏನು ಅಂತ ನಮಗೆ ತಿಳೀಲಿಲ್ಲ," ಅಕ್ಕ ಲೋಟ ತೊಳೆಯುತ್ತ ಹೇಳುತ್ತಾರೆ. "ನಮಗೇ ಬಿಟ್ಟಿದ್ದಾರಾ, ಇಲ್ಲಾ ಬೇರೆಯವರನ್ನ ಕಳಿಸಿ ತಗೊಂಡು ಹೋಗ್ತಾರಾ? ನಾಳೆ ಮೈದಾನದಲ್ಲಿ ಎಲ್ಲರ ಮುಂದೆ ಹೇಳಿದ್ರೆ ಆಯ್ತು ನಮ್ಮ ಕತೆ. ನೀವು ಅಲ್ಲಿಗೆ ಹೋಗ್ತೀರಲ್ಲ, ಒಂಚೂರು ಕಿವಿ ಹಾಕಿ."

ಹೋಗುತ್ತೇನೆ. ಮೈದಾನದ ತುಂಬ ಮುಖ ಕಾಣುವಷ್ಟು ಹೊಳೆಯುವ ಕಾರುಗಳು. ಅವುಗಳ ನಡುವೆ ಒಂದೇ ಒಂದು ಕಾರು ಬಾನೆಟ್ಟಿಲ್ಲದೆ, ಎಂಜಿನ್ನನ್ನೆಲ್ಲ ಬಿಸಿಲಿಗೆ ತೆರೆದುಕೊಂಡು ನಿಂತಿದೆ. ಪಕ್ಕದಲ್ಲಿ ಲಾಯರಮ್ಮ, ಕೋರ್ಟಿನಲ್ಲಿ ನಿಂತಷ್ಟೇ ನೆಟ್ಟಗೆ. ತೀರ್ಪುಗಾರರು ಆಯಸ್ಕಾಂತ ಹಿಡಿದು ಬಂದು ತಬ್ಬಿಬ್ಬಾಗುತ್ತಾರೆ.

"ಬಾನೆಟ್ಟೆಲ್ಲಿ ಮೇಡಂ?"

"ರಿಪೇರಿಗಿದೆ."

"ಹೀಗಾದ್ರೆ ಬಹುಮಾನದ ಲೆಕ್ಕಕ್ಕೆ ಬರಲ್ಲ."

"ಗೊತ್ತು."

ಪಕ್ಕದ ಕಾರಿನವರು ಸುಮ್ಮನಿರಲಾರದೆ, "ಒಂದಿಷ್ಟು ಲಪ್ಪ ಬಳಿಸಿ ತಂದಿದ್ರೆ ಆಗ್ತಿತ್ತಲ್ಲ. ಯಾರ ಹತ್ರ ಕೊಟ್ಟಿದ್ದೀರಿ ಅದನ್ನ?" ಎನ್ನುತ್ತಾರೆ. ಲಾಯರಮ್ಮ ಅವರನ್ನು ಒಂದು ಗಳಿಗೆ ದಿಟ್ಟಿಸುತ್ತಾರೆ. "ಸುಳ್ಳು ಹೇಳದೇ ಇರೋರ ಹತ್ರ," ಎಂದು ಹೇಳಿ, ಒರೆಸುವ ಬಟ್ಟೆ ಎತ್ತಿಕೊಂಡು ಎಂಜಿನ್ನಿನ ಕಡೆ ತಿರುಗುತ್ತಾರೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಹೇಳುವುದಿಲ್ಲ. ನನಗೆ ಓಡಿ ಹೋಗಿ ಅವರ ಕೈ ಕುಲುಕಬೇಕೆನಿಸುತ್ತದೆ.

ಮಾರನೆಯ ಬೆಳಗ್ಗೆ ಮತ್ತೆ ಶೆಡ್ಡಿನಲ್ಲಿದ್ದೇನೆ. ಮೇಸ್ತ್ರಿ ಸಡಿಲವಾದ ಜಾಗವನ್ನು ಗ್ಯಾಸಿನ ಬೆಂಕಿಯಲ್ಲಿ ನಾಣ್ಯದಗಲ ಕೆಂಪಗೆ ಕಾಯಿಸಿ, ಕೊಡತಿಯಲ್ಲಿ ಮೆತ್ತಗೆ ತಟ್ಟುತ್ತಾರೆ. ಅಕ್ಕ ಒದ್ದೆ ಬಟ್ಟೆ ಒತ್ತುತ್ತಾರೆ, ಚುಸ್ ಎಂದು ಹೊಗೆ ಏಳುತ್ತದೆ. ಹೀಗೆ ಮಾಡಿದರೆ ತಗಡು ಮತ್ತೆ ಬಿಗಿಯಾಗುತ್ತದೆ. ಅಕ್ಕ ಬೆರಳ ಗೆಣ್ಣಿನಿಂದ ಕುಟ್ಟಿ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಇನ್ನೂ ಇಲ್ಲ. ಮತ್ತೆ ಬೆಂಕಿ, ಮತ್ತೆ ಬಟ್ಟೆ. ಆ ಬಾನೆಟ್ಟು ಮುಗಿಯಲು ಇನ್ನೂ ದಿನಗಳು ಬೇಕು.

ಬಿಡುವಾದಾಗ ಮೈದಾನದಲ್ಲಿ ನಡೆದದ್ದನ್ನು ಹೇಳುತ್ತೇನೆ. ಅಕ್ಕ ಗಂಡನ ಎದುರು ಕೂತು, ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿ ದಾಟಿಸುತ್ತಾರೆ. "ಬಹುಮಾನ?" ಎಂದು ಮೇಸ್ತ್ರಿ ಕೇಳುತ್ತಾರೆ. ಅಕ್ಕ ಇಲ್ಲವೆಂದು ಕೈಯಾಡಿಸುತ್ತಾರೆ. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಆಡಿಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಎಂದಿನಂತೆ ಜೋರಾಗಿಯೇ ಹೇಳುತ್ತಾರೆ: "ಬರ್ಕೊಳ್ಳಿ. ನನಗೆ ಕಿವಿ ಕೇಳಲ್ಲ ಅಂತ ಬರ್ಕೊಳ್ಳಿ. ನನ್ನ ಮಾನ ಕಾಯೋಕೆ ಅವರು ಅಷ್ಟು ಜನರ ಮುಂದೆ ಬಾಯಿ ಮುಚ್ಕೊಂಡು ನಿಂತ್ರು. ಇನ್ನೊಬ್ಬರಿಗೆ ಆ ಗತಿ ಬೇಡ."

"ರೀ, ಕೆಲಸ ಬರದೇ ಹೋದ್ರೆ?" ಎನ್ನುತ್ತಾರೆ ಅಕ್ಕ. ಮೇಸ್ತ್ರಿ ಅದನ್ನು ತುಟಿ ನೋಡಿಯೇ ಓದುತ್ತಾರೆ. ಹೆಂಡತಿಯ ಕೈಯನ್ನು ಎತ್ತಿ ತಮ್ಮ ಮೊಣಕೈ ಮೇಲೆ ಇಟ್ಟುಕೊಳ್ಳುತ್ತಾರೆ, ಅಷ್ಟೆ.

ಅಕ್ಕ ಕೈ ತೆಗೆಯುವುದಿಲ್ಲ. ನನ್ನ ಕಡೆ ನೋಡುತ್ತಾರೆ. ಈ ವಿಷಯ ಮಾತಾಡುವಾಗ ಮೊದಲ ಸಲ ಅವರ ದನಿ ತಗ್ಗಿಲ್ಲ.

"ಬರೀರಿ ಹಾಗಾದ್ರೆ. ಆದ್ರೆ ಅವರಿಗೆ ಕೇಳಲ್ಲ ಅಂತ ಬರೆದು ಅಲ್ಲಿಗೇ ಬಿಟ್ಟುಬಿಡಬೇಡಿ. ನನಗೆ ಕೇಳುತ್ತೆ ಅಂತಲೂ ಬರೀರಿ."