ಎಂಟು ಫೋಟೊ, ಒಂದೇ ಸಾಲು

ಯಂತ್ರ ನಿಂತಾಗ ಅದರ ಮುಂದೆ ಕುಳಿತವರೇ ತಪ್ಪಿತಸ್ಥರೆಂದು ತೀರ್ಪು ಕೊಡುವ ಹಕ್ಕನ್ನು ನಮಗೆ ಯಾರು ಕೊಟ್ಟರು?

ನ್ಯಾಮತಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ, ಫೈಲ್ ಪೂರ್ತಿ ನಕಲಾಗುವ ಮೊದಲೇ ಅವಸರದಿಂದ ಪೆನ್‌ಡ್ರೈವ್ ಕಿತ್ತವನು ನಾನು. ಕಂಪ್ಯೂಟರ್ ಸ್ತಬ್ಧವಾಯಿತು. ಬೈಗುಳ ಬಿದ್ದದ್ದು ಆಪರೇಟರ್ ರೇಣುಕಾ ಅವರಿಗೆ. “ನಿನ್ನ ಕೈಗುಣನೇ ಸರಿ ಇಲ್ಲ. ನಾಳೆಯಿಂದ ಬರಬ್ಯಾಡ,” ಎಂದರು ಮಾಲೀಕರು.

ರೇಣುಕಾ ತಲೆ ತಗ್ಗಿಸಲಿಲ್ಲ. ಹಿಂದೆ ಪರದೆ ನಿಂತಾಗಲೆಲ್ಲ ತೆಗೆದಿಟ್ಟಿದ್ದ ಎಂಟು ಫೋಟೊಗಳನ್ನು ಮೊಬೈಲಿನಲ್ಲಿ ಮಾಲೀಕರಿಗೆ ತೋರಿಸಿದರು. ಎಂಟರಲ್ಲೂ ಪರದೆಯ ಮೇಲೆ ಮೂಡಿದ್ದ ದೋಷಸೂಚನೆಯ ಸಾಲು ಒಂದೇ.

“ಕಂಪ್ಯೂಟರ್ ನಡೆಸೋ ಒಳಗಿನ ಪ್ರೋಗ್ರಾಂ, ಕರ್ನಲ್ ಅಂತಾರಲ್ಲ ಅಣ್ಣಾ, ಅದರ ತಪ್ಪು. ಪೆನ್‌ಡ್ರೈವ್‌ಗೆ ಫೈಲ್ ಬರೆಯೋ ಕೆಲಸ ಇನ್ನೂ ಸರದಿಯಾಗೆ ನಿಂತಿರ್ತೈತೆ. ಪೆನ್‌ಡ್ರೈವ್ ಕಿತ್ತ ಕೂಡ್ಲೆ ಇದು ಆ ಸರದೀನೇ ಅಳಿಸಿ, ಆಮೇಲೆ ಅದನ್ನೇ ಹುಡುಕಾಕೆ ಹೋಗಿ ಬೀಳ್ತೈತೆ. ಅವಸರಕ್ಕೆ ಫೈಲ್ ಕೆಡಬೌದು, ಯಂತ್ರ ಬೀಳಬಾರ್ದು. ಬೇಕಾದ್ರೆ ನೀವೇ ಕಿತ್ತು ನೋಡ್ರಿ.”

ಯಂತ್ರವನ್ನು ಮತ್ತೆ ಚಾಲೂ ಮಾಡಿ, ನಕಲಿನ ನಡುವೆ ಮಾಲೀಕರೇ ಕಿತ್ತರು. ಅದೇ ಸಾಲು ಮೂಡಿತು. “ಹಂಗಾದ್ರೆ ನನ್ನ ಕೈಗುಣನೂ ಕೆಟ್ಟೈತೆ ಬಿಡವ್ವಾ,” ಎಂದು ನಕ್ಕರು.

ರೇಣುಕಾ ಫೋಟೊಗಳ ಸಮೇತ ಕರ್ನಲ್ ಬರೆಯುವವರಿಗೇ ದೂರು ಕಳುಹಿಸಿದ್ದಾರೆ, ಕೆಲಸದಲ್ಲೂ ಮುಂದುವರಿದಿದ್ದಾರೆ. ಓದುಗರೇ, ಯಂತ್ರ ನಿಂತರೆ ದಯವಿಟ್ಟು ಮೊದಲು ಪರದೆಯ ಫೋಟೊ ತೆಗೆಯಿರಿ. ಬೈಯಲೇಬೇಕಿದ್ದರೆ, ಅದನ್ನು ಓದಿದ ಮೇಲೆ ಬೈಯಿರಿ.