ಕಾಕುವಿನ ಕ್ಯಾಂಪ್ ಇಂಗ್ಲಿಷ್

ಬೈಲಹೊಂಗಲದ ಬಸ್ ನಿಲ್ದಾಣದೆದುರು ಹೊಸ ಬೋರ್ಡು ಎದ್ದಿದೆ: ‘ವಿದೇಶದ ಕ್ಯಾಂಪ್ ಕೆಲಸಕ್ಕೆ ಬೇಕಾದಷ್ಟೇ ಇಂಗ್ಲಿಷ್’. ಆ ‘ಬೇಕಾದಷ್ಟೇ’ ಓದಿ ನಿಂತಲ್ಲೇ ನಕ್ಕೆ. ಎಷ್ಟು ಬೇಕಾಗುತ್ತದೆಂದು ಮೊದಲೇ ಹೇಳಬಲ್ಲವರು ಯಾರು? ನಮ್ಮ ಕಾಕುವಿನ ಕತೆ ಕೇಳಿ, ಆಮೇಲೆ ನೀವೇ ಹೇಳಿ.

ಅಪ್ಪನ ತಮ್ಮ ಬಸುಕಾಕಾ ಮರಳುಗಾಡಿನ ದೇಶವೊಂದಕ್ಕೆ, ಅಲ್ಲಿ ಬೀಡುಬಿಟ್ಟಿದ್ದ ವಿದೇಶಿ ಸೈನಿಕರ ಕ್ಯಾಂಪಿನ ಕೆಲಸಕ್ಕೆ ಹೋಗಿದ್ದ. ನಮ್ಮ ಸಂಗೊಳ್ಳಿಯಲ್ಲಿ ಆಗ ಗಂಡಸರ ಇಂಗ್ಲಿಷಿಗೆ ಭಾರಿ ಮರ್ಯಾದೆ. ವ್ಯಾಕರಣ ಬೇಡ, ಗಟ್ಟಿಯಾಗಿ ಅಂದರೆ ಸಾಕು. ಕಾಕಾ ಫೋನಿನಲ್ಲಿ ಗಟ್ಟಿಯಾಗಿಯೇ ಅನ್ನುತ್ತಿದ್ದ: “ಇಲ್ಲಿ ಸೋಲ್ಜರ್ಸ್ ಎಲ್ಲಾರೂ ನನಗ ಬಾಸ್ ಅಂತಾರ.” ಓಣಿಯೆಲ್ಲ ನಂಬಿತು.

ಒಂದು ದಿನ ಅವನ ಹೆಂಡತಿ, ನಮ್ಮ ಕಾಕು, ಕಾಲೇಜಿಗೆ ಹೋಗುತ್ತಿದ್ದ ನನ್ನನ್ನು ಒಲೆಯ ಮುಂದೆ ಕೂಡಿಸಿಕೊಂಡಳು.

“ನನಗ ಒಂದೀಟು ಇಂಗ್ಲಿಷ್ ಕಲಸು.”

“ಯಾಕ, ಕಾಕು?”

“ನಿಮ್ಮ ಕಾಕಾ ಅರ್ಧಾ ಮಾತು ಇಂಗ್ಲಿಷಿನಾಗ ಆಡ್ತಾರ. ಆ ಅರ್ಧದಾಗ ಏನೈತಿ ಅಂತ ನೋಡಬೇಕು.”

ಕಾಕುವಿನ ಅತ್ತೆ, ಅಂದರೆ ನಮ್ಮ ಆಯಿ, ಕಟ್ಟೆಯ ಮೇಲಿಂದಲೇ ಗೊಣಗಿದಳು: “ರೊಟ್ಟಿ ಏನು ಇಂಗ್ಲಿಷಿನಾಗ ಬಡೀತಿಯೇನವಾ?”

ಕಾಕು ರೊಟ್ಟಿ ಬಡಿಯುತ್ತಲೇ ಕಲಿತಳು. ಅವಳ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ನಾನೂ ಕಲಿತೆ ಅನ್ನಿ. ಆ ವರ್ಷ ಪರೀಕ್ಷೆಯಲ್ಲಿ ಪಾಸಾದದ್ದು ಅವಳ ಪುಣ್ಯದಿಂದ.

ಮುಂದೊಮ್ಮೆ ಫೋನಿನಲ್ಲಿ ಕಾಕಾನ ಬಡಾಯಿ ಜೋರಾಗಿ ನಡೆದಿದ್ದಾಗ ಅವನ ಹಿಂದಿನಿಂದ ಯಾರೋ ಕೂಗಿದರು: “ಬಸೂ, ಮೋರ್ ಆನಿಯನ್ಸ್. ಹರಿ ಅಪ್.” ಕಾಕು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವರು ಕೂಗುವ ‘ಬಸು’ವೇ ಇವನ ಬಾಯಲ್ಲಿ ‘ಬಾಸ್’ ಆಗಿತ್ತು. ಇವನ ಕೆಲಸ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವುದು.

ರಜೆಗೆ ಬಂದ ಕಾಕಾ ಓಣಿಯವರನ್ನು ಕೂಡಿಸಿಕೊಂಡು, ಸೈನಿಕರಿಗೆ ತಾನು ಹುಕುಂ ಕೊಡುವ ರೀತಿಯನ್ನು ಬಣ್ಣಿಸುತ್ತಿದ್ದ. ಕಾಕು ಒಳಗಿನಿಂದ ಉಳ್ಳಾಗಡ್ಡಿಯ ಬುಟ್ಟಿ ತಂದು ಅವನ ಮುಂದಿಟ್ಟು ಮೆಲ್ಲಗೆ ಅಂದಳು: “ಬಾಸ್, ಮೋರ್ ಆನಿಯನ್ಸ್. ಹರಿ ಅಪ್.”

ಓಣಿಯವರಿಗೆ ಒಂದೂ ತಿಳಿಯಲಿಲ್ಲ. ಹೆಂಡತಿಗೂ ಇಂಗ್ಲಿಷ್ ಕಲಿಸಿದ್ದಾನೆಂದು ಅವನನ್ನೇ ಹೊಗಳಿ ಎದ್ದುಹೋದರು.

“ಯಾವಾಗಿಂದ ಗೊತ್ತೈತಿ?” ಎಂದ ಕಾಕಾ, ತಲೆ ಎತ್ತದೆ.

“ಭಾಳ ದಿನಾ ಆತು.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ನೀವು ಫೋನ್ ಮಾಡೂದು ಕಡಿಮಿ ಮಾಡ್ತಿದ್ರಿ.”

ಕಾಕಾ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಚಾಕು ಕೇಳಿದ.

ಅವನು ಈಗಲೂ ಅದೇ ಕ್ಯಾಂಪಿನಲ್ಲಿದ್ದಾನೆ. ಬಡಾಯಿ ನಿಂತಿದೆ, ಫೋನು ಹೆಚ್ಚಾಗಿದೆ. ಬೋರ್ಡು ನೋಡಿದ ದಿನವೇ ಊರಿಗೆ ಹೋದೆ. ಕಾಕು ಫೋನಿನಲ್ಲಿದ್ದಳು. ಅತ್ತೆಯ ಎದುರು ಕನ್ನಡದಲ್ಲಿ ಆಡಲಾಗದ ಮಾತನ್ನು ಇಂಗ್ಲಿಷಿನಲ್ಲಿ ಆಡಿಯೇಬಿಟ್ಟಳು: “ಐ ಮಿಸ್ ಯೂ.”

“ಏನಂದ್ಳ ಇಕಿ?” ಎಂದು ಆಯಿ ನನ್ನನ್ನು ಕೇಳಿದಳು.

“ಅಲ್ಲಿ ಬಿಸಲು ಭಾಳ ಐತೇನು ಅಂತ ಕೇಳಿದ್ಳು, ಆಯಿ.”

ಆಯಿ ಅವರೆಕಾಯಿ ಸುಲಿಯುವುದನ್ನು ಬಿಡಲಿಲ್ಲ. “ಬಿಸಲು ಅಲ್ಲಿದ್ರ,” ಎಂದಳು, “ಇಕಿ ಮಾರಿ ಯಾಕ ಕೆಂಪಾತು?”