ತೋಳಿನ ಸೀಳು

ಕೌಲ್ ಬಜಾರಿನಲ್ಲಿ ನನ್ನದು ಜೀನ್ಸ್ ಹೊಲಿಯುವ ಅಂಗಡಿ. ಬಾದನಹಟ್ಟಿ ಕಡೆಯ ಒಬ್ಬ ನಿವೃತ್ತ ವಾಯುಪಡೆ ಪೈಲಟ್ ತಮ್ಮ ಹಳೇ ಸಮವಸ್ತ್ರ ತಂದುಕೊಟ್ಟು, "ಬರೀ ಜಿಪ್ ಹಾಕಿಕೊಡ್ರಿ" ಅಂದಿದ್ದರು. ಅದರ ಬಲತೋಳು ಮೊಣಕೈತನಕ ಸೀಳಿತ್ತು. ಹರಿದದ್ದು ಕೈಗೆ ಬಂದರೆ ಸುಮ್ಮನೆ ಬಿಡುವ ಅಭ್ಯಾಸ ನನಗಿಲ್ಲ. ಗೆರೆ ಕಾಣದ ಹಾಗೆ ಹೊಲಿದು, ಇಸ್ತ್ರಿ ಮಾಡಿಟ್ಟೆ.

ಅವರು ಬಂದು ತೋಳು ನೋಡಿದವರೇ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಆಕಾಶದಾಗ ದೊಡ್ಡ ವಿಮಾನದಿಂದ ಪೈಪ್ ಬಿಡ್ತಾರ. ನಾವು ಹಿಂದ ಹೋಗಿ ಅದರಿಂದ ಎಣ್ಣಿ ತುಂಬಿಸ್ಕೋಬೇಕು. ಅವತ್ತು ಪೈಪ್ ಕಿತ್ತು ನಮ್ಮ ವಿಮಾನಕ್ಕ ಬಡೀತು, ಬೆಂಕಿ ಹತ್ತಿತು. ನಾನು, ಹಿಂದಿನ ಸೀಟಿನ ಗೆಳೆಯ, ಇಬ್ರೂ ಪ್ಯಾರಾಚೂಟ್‌ನಾಗ ಇಳಿದ್ವಿ. ನನ್ನ ಬಲಗೈಗೆ ಗಾಯ ಆಗಿ ರಕ್ತ ಸುರೀತಿತ್ತು, ಅವನ ಕಾಲು ಮುರಿದಿತ್ತು. ಹಂಗೇ ತೆವಳ್ಕೊಂತ ಬಂದು, ಚಾಕು ತಗೊಂಡು ಈ ತೋಳು ಸೀಳಿ, ಗಾಯ ಕಟ್ಟಿ ರಕ್ತ ನಿಲ್ಲಿಸಿದ. ನಾ ಉಳಿದೆ."

ನಾನು ಹೊಲಿದ ಜಾಗದ ಮೇಲೆ ಬೆರಳಾಡಿಸುತ್ತ, "ಹೋದ ವರ್ಷ ಅವ ತೀರ್ಕೊಂಡ. ಅವನ ಕೈಗುರುತು ಅಂತ ನನ್ನ ಹತ್ರ ಇದೊಂದೇ ಇತ್ತು" ಅಂದರು.

"ಹಂಗೇ ಕೂತಿರ್ರಿ ಸರ್, ಹೊಲಿಗೆ ಬಿಚ್ಚಿ ಕೊಡ್ತೀನಿ" ಎಂದು ಬ್ಲೇಡು ತೆಗೆದುಕೊಂಡೆ. ಹಳೇ ಅಂಚಿನ ಎಳೆ ಒಂದೂ ಕಡಿಯದ ಹಾಗೆ ಒಂದೊಂದೇ ಹೊಲಿಗೆ ಬಿಚ್ಚಿದೆ. ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಪಕ್ಕದಲ್ಲಿ ಹೊಸ ಪ್ಯಾಂಟುಗಳ ರಾಶಿಯಿತ್ತು. ಫ್ಯಾಷನ್ನಿಗೆಂದು ಅವುಗಳ ಮೊಣಕಾಲನ್ನು ಬೆಳಿಗ್ಗೆ ನಾನೇ ಅದೇ ಬ್ಲೇಡಿನಿಂದ ಹರಿದಿದ್ದೆ. ಊರಿಗೆಲ್ಲ ಹರಿದು ಕೊಡುವವನು, ಹರಿದೇ ಇರಬೇಕಾದ ಒಂದನ್ನು ಹೊಲಿದು ಕೂತಿದ್ದೆ.